ಕೊಯ್ದ ಮೇಲೆ ಹಲಗೆ ಬೆಂಡಾಯಿತೇ? ಕರಾವಳಿಯ ಹವೆಗೆ ಒಪ್ಪುವ ಸಮಗ್ರ ಮಾರ್ಗದರ್ಶಿ

ಉಡುಪಿ ಕಡೆಯ ನಮ್ಮ ಮನೆ ಹಿಂದೆ ಒಂದು ಹಲಸಿನ ಮರ ಇತ್ತು. ಜುಲೈ ತಿಂಗಳ ಗಾಳಿಗೆ ಬಿತ್ತು. ಸುಮ್ನೆ ಸೌದೆ ಮಾಡುವುದು ಬೇಡ ಎಂದು ಅಕ್ಟೋಬರಿನಲ್ಲಿ ಮಿಲ್ಲಿಗೆ ಸಾಗಿಸಿ ಒಂದೂವರೆ ಇಂಚಿನ ಹಲಗೆ ಕೊಯ್ಸಿದೆ. ಎಂಟು ಅಡಿ ಉದ್ದ, ಹದಿಮೂರು ಇಂಚು ಅಗಲ, ಅರಿಶಿನ ಹಚ್ಚಿದ ಹಾಗೆ ಹಳದಿ. ತಂದು ಜಗಲಿಯ ಸಿಮೆಂಟ್ ನೆಲದ ಮೇಲೆ ಚಂದ ಮಾಡಿ ಮಲಗಿಸಿದೆ, ಮಧ್ಯಾಹ್ನದ ಮೇಲೆ ಅಲ್ಲಿ ಒಳ್ಳೆ ಬಿಸಿಲು ಬೀಳುತ್ತದೆ, ಬೇಗ ಒಣಗಲಿ ಎಂದು. ನಾಲ್ಕನೇ ದಿನ ನೋಡಿದರೆ ಎರಡೂ ಅಂಚು ಮೇಲೆದ್ದು ಅಡಿಕೆ ಹಾಳೆಯ ಹಾಗೆ ಸುರುಟಿಕೊಂಡಿತ್ತು. ನೋಡಲು ಬಂದ ಬಡಗಿ ಆಚಾರ್ರು ಒಂದೇ ಮಾತು ಕೇಳಿದರು: "ಎಂತ ಮಾರಾಯ್ರೇ, ಮುಟ್ಟಾಳೆ ಮಾಡ್ಲಿಕ್ಕೆ ಕೊಯ್ಸಿದ್ದಾ?" ಮುಟ್ಟಾಳೆ ಅಂದರೆ ಅಡಿಕೆ ಹಾಳೆಯ ಟೊಪ್ಪಿ.

ನಾನು ಮೊದಲು ಬೈದದ್ದು ಮಿಲ್ಲಿನವರನ್ನು. ಅವರದು ಏನೂ ತಪ್ಪಿರಲಿಲ್ಲ. ಹಲಗೆಯನ್ನು ಕೆಡಿಸಿದ್ದು ನಾನು, ಅದೂ ಮನೆಗೆ ತಂದ ಮೇಲೆ. ಆಮೇಲೆ ಎರಡು ವರ್ಷ ಹಲಸು, ಸಾಗುವಾನಿ, ಅಕೇಶಿಯಾ, ಮಾವು ಅಂತ ಬೇರೆ ಬೇರೆ ಹಲಗೆಗಳ ಜೊತೆ ಗುದ್ದಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹಲಗೆ ಈಗಾಗಲೇ ಬೆಂಡಾಗಿ ಮನೆಯಲ್ಲಿ ಬಿದ್ದಿದ್ದರೆ ನೇರವಾಗಿ ಮೊದಲ ಹೆಜ್ಜೆಗೆ ಹೋಗಬಹುದು, ಆದರೆ ಕಾರಣ ಗೊತ್ತಿಲ್ಲದೆ ಮದ್ದು ಮಾಡಿದರೆ ಇನ್ನಷ್ಟು ಬೆಂಡಾಗುತ್ತದೆ, ಹಾಗಾಗಿ ಐದು ನಿಮಿಷ ಇದನ್ನು ಓದಿ.

ಮೊದಲು ಕಾರಣ

ಹಸಿ ಮರದ ಒಳಗೆ ತುಂಬಾ ನೀರಿರುತ್ತದೆ. ಆ ನೀರು ಮರದ ಒಣ ತೂಕದ ಸುಮಾರು 30 ಶೇಕಡಕ್ಕೆ ಇಳಿಯುವವರೆಗೆ ಹಲಗೆಗೆ ಏನೂ ಆಗುವುದಿಲ್ಲ, ತೂಕ ಮಾತ್ರ ಕಡಿಮೆಯಾಗುತ್ತದೆ. ಅಲ್ಲಿಂದ ಕೆಳಗೆ ಇಳಿಯತೊಡಗಿದಾಗ ಮರ ಕುಗ್ಗಲು ಶುರು. ಕುಗ್ಗುವುದು ಎಲ್ಲ ದಿಕ್ಕಿಗೂ ಒಂದೇ ಸಮ ಆಗಿದ್ದರೆ ಗಲಾಟೆಯೇ ಇರುತ್ತಿರಲಿಲ್ಲ. ಆದರೆ ಮರ ಬೆಳವಣಿಗೆಯ ಉಂಗುರದ ಉದ್ದಕ್ಕೆ ಕುಗ್ಗುವುದು ಜಾಸ್ತಿ, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಸುಮಾರು ಅದರ ಅರ್ಧ, ಮರದ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಸಾಗುವಾನಿ ಎಲ್ಲರೂ ಹೊಗಳುವ ಮರ, ಅದರಲ್ಲೇ ಹಸಿಯಿಂದ ಪೂರ್ತಿ ಒಣಗುವಾಗ ಉಂಗುರದ ದಿಕ್ಕಿಗೆ 5.8 ಶೇಕಡ, ನಡುವಿನಿಂದ ತೊಗಟೆಯ ದಿಕ್ಕಿಗೆ 2.5 ಶೇಕಡ ಕುಗ್ಗುತ್ತದೆ. ಹೀಗಾಗಿ ಹಲಗೆಯ ತುದಿಯಲ್ಲಿ ಕಾಣುವ ಬಿಲ್ಲಿನಂಥ ಗೆರೆಗಳು ಒಣಗುತ್ತಾ ನೆಟ್ಟಗಾಗಲು ನೋಡುತ್ತವೆ, ಹಲಗೆಯ ಅಂಚುಗಳು ತೊಗಟೆಯ ಬದಿಗೆ ಏಳುತ್ತವೆ. ತುದಿ ನೋಡಿದರೆ ಸಾಕು, ಹಲಗೆ ಯಾವ ಕಡೆ ಬಾಗುತ್ತದೆ ಎಂದು ಮೊದಲೇ ಹೇಳಿಬಿಡಬಹುದು. ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ನೇರ ನಿಂತಂತೆ ಕೊಯ್ದಿದ್ದರೆ ಬಾಗುವುದು ತುಂಬಾ ಕಡಿಮೆ. ಆದರೆ ಹಾಗೆ ಕೊಯ್ದರೆ ಮರ ಜಾಸ್ತಿ ಹಾಳಾಗುತ್ತದೆ, ಮಿಲ್ಲಿನವರು ಕೇಳದೆ ಹಾಗೆ ಕೊಯ್ದು ಕೊಡುವುದಿಲ್ಲ.

ಎರಡನೆಯದು, ಮರ ಬೆಳೆಯುವಾಗಲೇ ಒಳಗೆ ಕಟ್ಟಿಕೊಂಡ ಬಿಗಿತ. ನಮ್ಮ ಕಡೆ ಗುಡ್ಡದ ಇಳಿಜಾರಿನಲ್ಲಿ, ತೆಂಗಿನ ತೋಟದ ಅಂಚಿನಲ್ಲಿ ಬೆಳಕಿಗೆ ಓರೆಯಾಗಿ ಬೆಳೆದ ಮರಗಳು ಜಾಸ್ತಿ ಅಲ್ವಾ? ಓರೆ ನಿಂತ ಹಲಸು, ಮಾವು, ಅಕೇಶಿಯಾ ಇವೆಲ್ಲ ಮೇಲಿನ ಬದಿಯಲ್ಲಿ ಎಳೆದು ಹಿಡಿಯುವ ಬೇರೆ ಥರದ ಮರವನ್ನು ಬೆಳೆಸಿಕೊಂಡಿರುತ್ತವೆ. ಗರಗಸ ಹಾಕಿದ ಕೂಡಲೇ ಆ ಹಿಡಿತ ಬಿಡುತ್ತದೆ. ಹಲಗೆ ಗರಗಸದ ಮೇಲೆಯೇ ಬಾಯಿ ತೆರೆದರೆ, ಅಥವಾ ಬ್ಲೇಡನ್ನು ಕಚ್ಚಿ ಹಿಡಿದರೆ, ಅದು ನೀರಿನ ಸಮಸ್ಯೆ ಅಲ್ಲ, ಬಿಗಿತದ್ದು. ಕೊಂಬೆಯ ಮರ, ಮತ್ತೆ ದಿಮ್ಮಿಯ ನಟ್ಟನಡುವಿನ ಭಾಗ ಇರುವ ಹಲಗೆ, ಇವೆರಡನ್ನೂ ನಾನು ನಂಬುವುದಿಲ್ಲ.

ಮೂರನೆಯದು ನನ್ನಂಥವರು ಮಾಡುವ ತಪ್ಪು: ಒಂದು ಬದಿ ಒಣಗಿಸಿ ಇನ್ನೊಂದು ಬದಿ ಒದ್ದೆ ಇಡುವುದು. ನೆಲಕ್ಕೆ ತಾಗಿದ ಬದಿಗೆ ಗಾಳಿ ಇಲ್ಲ, ಮೇಲಿನ ಬದಿಗೆ ಬಿಸಿಲು. ಮೇಲಿನದು ಕುಗ್ಗಿತು, ಕೆಳಗಿನದು ಹಾಗೇ ಉಳಿಯಿತು. ಅಷ್ಟೇ ಕತೆ.

ಕರಾವಳಿಯಲ್ಲಿ ಇದಕ್ಕೆಲ್ಲ ಹವೆಯ ಕಾಟ ಬೇರೆ. ಮರ ಎಷ್ಟು ನೀರು ಇಟ್ಟುಕೊಳ್ಳುತ್ತದೆ ಎಂಬುದನ್ನು ಸುತ್ತಲಿನ ಗಾಳಿಯ ತೇವ ತೀರ್ಮಾನಿಸುತ್ತದೆ. ಜುಲೈಯಲ್ಲಿ ತೇವ 90 ಶೇಕಡ ಇರುವ ದಿನಗಳೇ ಮುಂದುವರಿದರೆ ಹಲಗೆಯೊಳಗೆ ಕೊನೆಗೆ ಸುಮಾರು 20 ಶೇಕಡ ನೀರು ನಿಲ್ಲುತ್ತದೆ. 70 ಇದ್ದರೆ 13ರ ಆಸುಪಾಸು. ಎಸಿ ಹಾಕಿದ ಕೋಣೆಯಲ್ಲಿ 50ಕ್ಕೆ ಇಳಿದರೆ 9. ಅಂದರೆ ಮಂಗಳೂರಿನ ಒಂದೇ ಮನೆಯ ಜಗಲಿ ಮತ್ತು ಎಸಿ ಬೆಡ್‌ರೂಮು ಮರದ ಮಟ್ಟಿಗೆ ಎರಡು ಬೇರೆ ಊರು.

ಹೆಜ್ಜೆ ಒಂದು: ಯಾವ ಥರ ಬಾಗಿದೆ ನೋಡಿ

ನಾಲ್ಕು ಥರ ಇದೆ, ಒಂದೊಂದಕ್ಕೂ ಬೇರೆ ಉಪಾಯ. ಅಗಲಕ್ಕೆ ಬಾಗಿ ಹಾಳೆಯ ಹಾಗಾದರೆ ಅದು ದೋಣಿಬಾಗು ಎಂದು ಕರೆಯೋಣ. ಉದ್ದಕ್ಕೆ ಬಾಗಿ, ನೆಲದ ಮೇಲಿಟ್ಟರೆ ನಡು ಮೇಲೇಳುವುದು ಬಿಲ್ಲುಬಾಗು. ಮುಖ ಚಪ್ಪಟೆಯಾಗಿಯೇ ಇದ್ದು ಅಂಚು ಕತ್ತಿಯ ಹಾಗೆ ಪಕ್ಕಕ್ಕೆ ಬಾಗಿದರೆ ಕತ್ತಿಬಾಗು. ನಾಲ್ಕನೆಯದು ತಿರುಚು, ಒದ್ದೆ ಪಂಚೆ ಹಿಂಡಿದ ಹಾಗೆ, ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತದೆ. ಮೊದಲ ಮೂರಕ್ಕೆ ಮದ್ದಿದೆ. ತಿರುಚಿಗೆ ಮದ್ದು ಕಡಿಮೆ, ತಾಳ್ಮೆ ಜಾಸ್ತಿ ಬೇಕು.

ಅಂದಾಜಿಗೆ ಹೋಗಬೇಡಿ, ಅಳೆಯಿರಿ. ಬಿಲ್ಲಿಗೂ ಕತ್ತಿಗೂ ಎರಡು ತುದಿಗೆ ನೂಲು ಎಳೆದು ಕಟ್ಟಿ ನಡುವಿನ ಸಂದು ನೋಡಿ. ದೋಣಿಬಾಗಿಗೆ ಒಂದು ನೇರ ಪಟ್ಟಿ ಅಡ್ಡ ಇಟ್ಟು ಗುಳಿ ಅಳೆಯಿರಿ. ತಿರುಚಿಗೆ ಎರಡು ಅಡಿಯ ಎರಡು ಅಲ್ಯೂಮಿನಿಯಂ ಟ್ಯೂಬು ಬೇಕು. ಹಲಗೆಯ ಎರಡು ತುದಿಯಲ್ಲಿ ಒಂದೊಂದು ಅಡ್ಡ ಇಟ್ಟು, ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಎರಡೂ ಸಮಾನಾಂತರ ಕಾಣದಿದ್ದರೆ ತಿರುಚಿದೆ. ಸಿಕ್ಕಿದ ಅಳತೆಯನ್ನು ದಿನಾಂಕದ ಜೊತೆ ಹಲಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ನನ್ನ ಹಲಗೆಯ ಮೇಲೆ ಬರೆದದ್ದು: "14 ಎಂಎಂ ದೋಣಿ, 20 ಎಂಎಂ ಬಿಲ್ಲು."

ಹೆಜ್ಜೆ ಎರಡು: ಇನ್ನೂ ಬಾಗುತ್ತಿದೆಯಾ ತಿಳಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಹಲಗೆ ಬೆಂಡಾದ ಕೂಡಲೇ ಪ್ಲೇನರ್ (ಕೀಸುವ ಮೆಶಿನ್) ಹೊಡೆದು ನೆಟ್ಟಗೆ ಮಾಡುತ್ತಾರೆ. ವಾರ ಬಿಟ್ಟು ಮತ್ತೆ ಬೆಂಡು. ಮತ್ತೆ ಪ್ಲೇನರ್. ಒಂದೂವರೆ ಇಂಚಿನ ಹಲಗೆ ಅರ್ಧ ಇಂಚಿಗೆ ಬರುತ್ತದೆ. ಹಲಗೆಯ ಓಡಾಟ ನಿಲ್ಲುವವರೆಗೆ ಉಳಿ, ಕೈಯಿಂದ ಕೀಸುವ ಹತ್ತರಿ, ಪ್ಲೇನರ್ ಯಾವುದನ್ನೂ ಮುಟ್ಟಬಾರದು.

ನಿಂತಿದೆಯೋ ಇಲ್ಲವೋ ತಿಳಿಯುವ ಅಗ್ಗದ ದಾರಿ ತೂಕ. ಅದೇ ಹಲಗೆಯ ತುದಿಯಲ್ಲಿ ಅರ್ಧ ಅಡಿ ಬಿಟ್ಟು, ಆಮೇಲೆ ಒಂದು ಅಡಿ ತುಂಡು ಕತ್ತರಿಸಿ. ಅದರ ಕೊಯ್ದ ಎರಡೂ ತುದಿಗೆ ಹಳೆ ಇನಾಮೆಲ್ ಪೇಂಟ್ ದಪ್ಪಗೆ ಬಳಿದು, ಹಲಗೆಯ ಜೊತೆಗೇ ಇಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮೂರು ವಾರ ತೂಕ ಒಂದೇ ಬಂದರೆ ಹಲಗೆ ಆ ಜಾಗದ ಹವೆಗೆ ಹೊಂದಿಕೊಂಡಿತು ಎಂದು ಅರ್ಥ. ದೊಡ್ಡ ಕೆಲಸ ಇದ್ದರೆ ಎರಡು ಮೊಳೆ ಚುಚ್ಚಿ ನೋಡುವ ತೇವ ಮೀಟರ್ ತೆಗೆದುಕೊಳ್ಳಿ, ತುಂಬಾ ದುಬಾರಿ ಏನಲ್ಲ. ಒಂದು ಎಚ್ಚರ: ಅದು ಮೇಲ್ಮೈಯ ಲೆಕ್ಕ ಹೇಳುತ್ತದೆ. ಹಲಗೆಯನ್ನು ನಡುವೆ ಕತ್ತರಿಸಿ ಹೊಸದಾಗಿ ಕಂಡ ತುದಿಯ ಮಧ್ಯಕ್ಕೆ ಚುಚ್ಚಿದರೆ ಮಾತ್ರ ಒಳಗಿನ ಸತ್ಯ ಗೊತ್ತಾಗುತ್ತದೆ.

ಮೀಟರ್ ಇಲ್ಲದೆ ನಿಖರ ಲೆಕ್ಕ ಬೇಕಾದರೆ ಓವನ್ ಇದ್ದವರು ಸಣ್ಣ ತುಂಡೊಂದನ್ನು ತೂಗಿ, 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ಮತ್ತೆ ತೂಗಬಹುದು. 118 ಗ್ರಾಮಿನ ತುಂಡು 100 ಗ್ರಾಮಿಗೆ ಬಂದರೆ ನೀರಿದ್ದದ್ದು 18 ಶೇಕಡ. ಮನೆಯವರು ಕೇಕ್ ಮಾಡುವ ಓವನ್ ಆದರೆ ಕೇಳಿ ಮಾಡಿ.

ಎಷ್ಟಕ್ಕೆ ಬರಬೇಕು? ಭಾರತೀಯ ಮಾನಕ ಐಎಸ್ 287 ದೇಶವನ್ನು ಗಾಳಿಯ ತೇವದ ಮೇಲೆ ನಾಲ್ಕು ವಲಯ ಮಾಡಿದೆ, ನಮ್ಮ ಕರಾವಳಿ ಅತಿ ತೇವದ ನಾಲ್ಕನೇ ವಲಯ. ಬಾಗಿಲು-ಕಿಟಕಿಗೆ ಇಲ್ಲಿ 14ರಿಂದ 16 ಶೇಕಡದವರೆಗೆ ನಡೆಯುತ್ತದೆ. ಎಸಿ ಕೋಣೆಯ ಮಂಚಕ್ಕೆ, ಬೆಂಗಳೂರಿನ ಫ್ಲಾಟಿಗೆ ಕಳಿಸುವ ಮೇಜಿಗೆ ಅಷ್ಟು ಸಾಲದು, 10-12ಕ್ಕೆ ಇಳಿಸಲೇಬೇಕು. ಇಲ್ಲಿ ಚಂದ ಕೂತ ಮೇಜು ಅಲ್ಲಿಯ ಮಾರ್ಚ್ ತಿಂಗಳ ಒಣ ಹವೆಗೆ ಸಂದು ಬಿಡುವುದು ಇದಕ್ಕೇ.

ಹೆಜ್ಜೆ ಮೂರು: ಸರಿಯಾಗಿ ಅಟ್ಟಿ ಹಾಕಿ

ಇನ್ನೂ ಹಸಿ ಇದ್ದರೆ, ಬಾಗಿದ್ದರೂ ಬಾಗದಿದ್ದರೂ, ಮಾಡಬೇಕಾದ ಮೊದಲ ಕೆಲಸ ಇದು. ಮಿಲ್ಲಿನಿಂದ ಬಂದ ದಿನವೇ ಮಾಡಿ. ನಾಳೆ ಅಲ್ಲ.

ಹಲಗೆಯ ಎರಡೂ ತುದಿಗೆ ಪೇಂಟ್ ಅಥವಾ ಕರಗಿಸಿದ ಮೇಣ ಬಳಿಯಿರಿ, ತುದಿಯಿಂದ ನೀರು ಬೇಗ ಹೋಗಿ ಬಿರುಕು ಬಿಡುತ್ತದೆ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕೆಂಪುಕಲ್ಲು ಅಥವಾ ಸಿಮೆಂಟ್ ಬ್ಲಾಕ್ ಜೋಡಿಸಿ. ಕೆಂಪುಕಲ್ಲು ನೀರು ಕುಡಿದು ಇಟ್ಟುಕೊಳ್ಳುತ್ತದೆ, ಹಾಗಾಗಿ ಕಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಆಮೇಲೆ ಅಡ್ಡ ಮರ ಇಡಿ. ಈ ಅಡಿಪಾಯವೇ ಓರೆಯಾದರೆ ಮೇಲಿನ ಎಲ್ಲ ಹಲಗೆಯೂ ಅದೇ ಓರೆಗೆ ಒಣಗುತ್ತದೆ, ಆದ್ದರಿಂದ ನೂಲು ಹಿಡಿದು, ನೀರುಮಟ್ಟ ಇಟ್ಟು ನೋಡಿ. ನನ್ನ ಎರಡನೇ ಅಟ್ಟಿಯಲ್ಲಿ ಒಂದು ಕಲ್ಲು ಮಳೆಗೆ ಕುಸಿದಿತ್ತು, ಏಳು ಹಲಗೆ ಒಂದೇ ಥರ ತಿರುಚಿತು. ಅಣ್ಣತಮ್ಮಂದಿರ ಹಾಗೆ.

ಹಲಗೆ-ಹಲಗೆಯ ನಡುವೆ ಒಂದು ಇಂಚು ದಪ್ಪದ ಒಣ ರೀಪಿನ (ಮರದ ಪಟ್ಟಿಯ) ತುಂಡುಗಳನ್ನು ಇಡಿ. ಎಲ್ಲ ತುಂಡೂ ಒಂದೇ ದಪ್ಪ ಇರಬೇಕು, ಇದರಲ್ಲಿ ಮಾತ್ರ ರಾಜಿ ಬೇಡ. ಒಂದೂವರೆ ಇಂಚಿನ ಹಲಗೆಗೆ ಒಂದೂವರೆ ಅಡಿಗೊಂದು, ಒಂದು ಇಂಚಿನದಕ್ಕೆ ಅಡಿಗೊಂದು. ತುದಿಗೆ ಸರಿಯಾಗಿ ಒಂದೊಂದು ಬೇಕೇ ಬೇಕು. ಕೆಳಗಿನ ರೀಪಿನ ಮೇಲೆಯೇ ಮೇಲಿನ ರೀಪು ಬರಬೇಕು, ಒಂದೇ ಗೆರೆಯಲ್ಲಿ, ಇಲ್ಲದಿದ್ದರೆ ಹಲಗೆ ಅಲೆಯಲೆಯಾಗುತ್ತದೆ. ಹಸಿ ರೀಪು ಇಟ್ಟರೆ ಹಲಗೆಯ ಮೇಲೆ ಕಪ್ಪು ಅಡ್ಡಪಟ್ಟಿ ಬೀಳುತ್ತದೆ, ಪಾಲಿಶ್ ಹಾಕಿದರೂ ಹೋಗುವುದಿಲ್ಲ.

ಬಾಗಿದ ಹಲಗೆಯನ್ನು ಅಟ್ಟಿಯ ಕೆಳಗಿಡಿ, ನೆಟ್ಟಗಿರುವುದನ್ನು ಮೇಲೆ. ಎಲ್ಲಕ್ಕಿಂತ ಮೇಲೆ ಭಾರ: ಕಲ್ಲು, ಸಿಮೆಂಟ್ ಬ್ಲಾಕ್, ಮರಳು ಚೀಲ. ಭಾರ ಬೀಳುವುದು ರೀಪಿನ ಗೆರೆಯ ಮೇಲೆಯೇ ಆಗಬೇಕು. ಅದರ ಮೇಲೆ ಓರೆಯಾಗಿ ಒಂದು ತಗಡು. ಟಾರ್ಪಾಲನ್ನು ನೆಲದವರೆಗೆ ಇಳಿಬಿಟ್ಟು ಸುತ್ತಬೇಡಿ, ಒಳಗೆ ಬೆವರಿ ಬೂಸ್ಟು ಬರುತ್ತದೆ. ಬದಿಗಳು ಗಾಳಿಗೆ ತೆರೆದಿರಲಿ.

ಇನ್ನೊಂದು ಮಾತು. ಅಡಿಕೆ ಒಣಗಿಸುವ ಅಂಗಳ ಇದ್ದವರಿಗೆ ಹಲಗೆಯನ್ನೂ ಅಲ್ಲೇ ಹರವುವ ಆಸೆ ಬರುತ್ತದೆ, ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಇದ್ದವರಿಗಂತೂ ಕೈ ತುರಿಸುತ್ತದೆ. ಬೇಡ. ಹಸಿ ಹಲಗೆಗೆ ಆ ಬಿಸಿ ತಾಗಿದರೆ ಮೇಲ್ಮೈ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ, ಎಳೆದಾಟದಲ್ಲಿ ಬಿರುಕು. ಮೂರ್ನಾಲ್ಕು ತಿಂಗಳು ನೆರಳಲ್ಲಿ ಒಣಗಿದ ಮೇಲೆ ಕೊನೆಯ ಹಂತಕ್ಕೆ ಗೂಡಿಗೆ ಇಟ್ಟರೆ ಪರವಾಗಿಲ್ಲ.

ಸಮಯ? ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಮಾತು. ನಮ್ಮ ಸೆಖೆಗೆ ಅಷ್ಟು ಬೇಕಾಗಿಲ್ಲ. ಮಳೆ ಬಿಟ್ಟ ಮೇಲೆ ಅಟ್ಟಿ ಹಾಕಿದ ಇಂಚಿನ ಹಲಗೆ ಮೇ ತಿಂಗಳ ಒಳಗೆ ಕೆಲಸಕ್ಕೆ ಬರುತ್ತದೆ. ಜೂನಿನಲ್ಲಿ ಹಾಕಿದ್ದು ಸೆಪ್ಟೆಂಬರ್ ತನಕ ಸುಮ್ನೆ ಕಾಯುತ್ತದೆ ಅಷ್ಟೇ, ಒಣಗುವುದಿಲ್ಲ. ರಬ್ಬರ್, ಮಾವು ಆದರೆ ಅಷ್ಟರಲ್ಲಿ ನೀಲಿ ಬೂಸ್ಟು ಹತ್ತಿ, ಕುಟ್ಟೆ ಹುಳವೂ ಸೇರುತ್ತದೆ. ಅಂಥ ಮರವನ್ನು ಮಳೆಗಾಲದಲ್ಲಿ ಕೊಯ್ಸಲೇಬೇಕಾದರೆ ಬೋರಾಕ್ಸ್-ಬೋರಿಕ್ ನೀರಿನಲ್ಲಿ ಅದ್ದಿಸಿ, ಫ್ಯಾನ್ ಇರುವ ಕೋಣೆಯಲ್ಲಿ ಅಟ್ಟಿ ಹಾಕಿ. ಹಳಬರು ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದದ್ದೂ ಹುಳದ ಕಾಟಕ್ಕೇ, ಮರದೊಳಗಿನ ಹಿಟ್ಟಿನ ಅಂಶ ಕರಗಿ ಹೋಗಲಿ ಎಂದು. ಬಾಗುವುದಕ್ಕೆ ಅದು ಮದ್ದಲ್ಲ.

ಹೆಜ್ಜೆ ನಾಲ್ಕು: ಬಾಗಿದ್ದನ್ನು ವಾಪಸು ತರುವುದು

ದೋಣಿಬಾಗು ಒಂದು ಬದಿ ಬೇಗ ಒಣಗಿದ್ದರಿಂದ ಬಂದಿದ್ದರೆ ವಾಪಸು ಬರುತ್ತದೆ. ಗುಳಿಯಾದ ಬದಿ ಒಣಗಿ ಕುಗ್ಗಿದ್ದು, ಉಬ್ಬಿದ ಬದಿಯಲ್ಲಿ ಇನ್ನೂ ನೀರಿದೆ. ಆದ್ದರಿಂದ ಗುಳಿಯ ಬದಿಯನ್ನು ಕೆಳಗೆ ಮಾಡಿ ಒದ್ದೆ ಗೋಣಿಚೀಲದ ಮೇಲೋ ಬೆಳಗಿನ ಹುಲ್ಲಿನ ಮೇಲೋ ಇಡಿ, ಉಬ್ಬಿದ ಬದಿಗೆ ಎಳೆ ಬಿಸಿಲು ಬೀಳಲಿ. ಗಂಟೆಗೊಮ್ಮೆ ಹೋಗಿ ಪಟ್ಟಿ ಇಟ್ಟು ನೋಡಿ. ಮರೆತು ಊಟಕ್ಕೆ ಹೋಗಿ ಮಲಗಿದರೆ ಆಚೆ ಬದಿಗೆ ಬಾಗಿರುತ್ತದೆ. ನೆಟ್ಟಗಾಗುವುದಕ್ಕೆ ಸ್ವಲ್ಪ ಮೊದಲೇ ತೆಗೆದು, ಎರಡೂ ಬದಿಗೆ ಗಾಳಿ ಆಡುವಂತೆ ಅಟ್ಟಿಗೆ ಹಾಕಿ ಭಾರ ಇಡಿ. ನನ್ನ ಹಲಗೆಯ 14 ಎಂಎಂ ಇದರಿಂದ 8ಕ್ಕೆ ಬಂತು. ಉಳಿದ 8 ಉಂಗುರದ ಕೆಲಸ, ಅದು ನೀರು ಹಾಕಿದರೂ ಮಂತ್ರ ಹಾಕಿದರೂ ಹೋಗುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಕ್ಲ್ಯಾಂಪ್ ಹಾಕಿ ಬಿಗಿದು ನೆಟ್ಟಗೆ ಮಾಡುತ್ತೇನೆ ಅನ್ನುವವರನ್ನು ನೋಡಿದ್ದೇನೆ. ತೆಗೆದ ಮರುದಿನವೇ ಅದು ವಾಪಸು ಹೋಗುತ್ತದೆ. ಹಿಂದೆ ಪಟ್ಟಿ ಹೊಡೆದು ಸ್ಕ್ರೂ ಬಿಗಿದರೆ ಹಲಗೆ ಸೀಳುತ್ತದೆ. ಒಣ ಮರದ ಜೊತೆ ಬಲಪ್ರಯೋಗ ನಡೆಯುವುದಿಲ್ಲ.

ಹೆಜ್ಜೆ ಐದು: ಲೆಕ್ಕ ಹಾಕಿ ತುಂಡು ಮಾಡಿ

ನನಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಲೆಕ್ಕ. ಬಿಲ್ಲುಬಾಗು ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎಂಟು ಅಡಿಯಲ್ಲಿ 20 ಎಂಎಂ ಬಾಗಿದ ಹಲಗೆಯನ್ನು ಎರಡು ನಾಲ್ಕಡಿ ಮಾಡಿದರೆ ಒಂದೊಂದರಲ್ಲಿ 10 ಅಲ್ಲ, 5 ಎಂಎಂ. ದೋಣಿಬಾಗಿಗೂ ಅದೇ ಲೆಕ್ಕ, ಅಗಲಕ್ಕೆ. ನನ್ನ ಹಲಗೆ 38 ಎಂಎಂ ದಪ್ಪ, 14 ಎಂಎಂ ಗುಳಿ ಇದ್ದಾಗಲೇ ಪ್ಲೇನರ್ ಹೊಡೆದಿದ್ದರೆ ಎರಡೂ ಬದಿ ಸೇರಿ 28 ಹೋಗಿ 10 ಎಂಎಂ ಉಳಿಯುತ್ತಿತ್ತು, ಪ್ಲೈವುಡ್ಡಿಗಿಂತ ಕಡೆ. ಕಾದು 8ಕ್ಕೆ ಬಂದ ಮೇಲೆ ಅದನ್ನು ಉದ್ದಕ್ಕೆ ಮೂರು ಸೀಳು ಮಾಡಿದಾಗ ಒಂದೊಂದರ ಗುಳಿ ಒಂದು ಎಂಎಂ ಕೂಡ ಇರಲಿಲ್ಲ. ತಿರುಚು ಮಾತ್ರ ನೇರ ಲೆಕ್ಕ: ಎಂಟು ಅಡಿಗೆ 12 ಇದ್ದರೆ ಎರಡಡಿ ತುಂಡಿಗೆ 3.

ಹಾಗಾಗಿ ಮೊದಲು ಏನು ಮಾಡಬೇಕೆಂದು ತೀರ್ಮಾನಿಸಿ, ಬೇಕಾದ ಅಳತೆಗೆ ಹತ್ತಿರಕ್ಕೆ ತುಂಡು ಮಾಡಿ, ಆಮೇಲೆ ಪ್ಲೇನ್ ಮಾಡಿ. ಎಂಟಡಿ ಹಲಗೆಯನ್ನು ಇಡಿಯಾಗಿ ನೆಟ್ಟಗೆ ಮಾಡಿ ಕೊನೆಗೆ ಎರಡಡಿಗೆ ಕತ್ತರಿಸುವುದು ಮರಕ್ಕೂ ಕರೆಂಟಿಗೂ ದಂಡ.

ಕತ್ತಿಬಾಗಿಗೆ ಹಲಗೆಯ ಮೇಲೆ ಒಂದು ನೇರ ಪಟ್ಟಿ ಮೊಳೆ ಹೊಡೆದು ಕೂರಿಸಿ, ಅದರ ಆಸರೆಗೆ ಕೈ ಸರ್ಕ್ಯುಲರ್ ಗರಗಸ ಓಡಿಸಿ. ತಿರುಚಿದ ಹಲಗೆಯನ್ನು ಯಾವ ಕಾರಣಕ್ಕೂ ಟೇಬಲ್ ಗರಗಸಕ್ಕೆ ಕೊಡಬೇಡಿ. ಅದು ಮೇಜಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಬ್ಲೇಡ್ ಕಚ್ಚಿ ಹಲಗೆಯನ್ನು ನಿಮ್ಮ ಹೊಟ್ಟೆಗೆ ಎಸೆಯುತ್ತದೆ. ಬಿಗಿತದ ಮರ ಸೀಳುವಾಗ ಗರಗಸದ ಹಿಂದೆ ಸೀಳಿಗೆ ಒಂದು ಬೆಣೆ ಸಿಕ್ಕಿಸುತ್ತಾ ಹೋಗಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಕನ್ನಡಕ ಹಾಕಿ.

ಹೆಜ್ಜೆ ಆರು: ಎರಡು ಕಂತಿನಲ್ಲಿ ಕೊಯ್ಯಿರಿ

ಒಣಗಿದ ಹಲಗೆಯೂ ಕೊಯ್ದ ಮೇಲೆ ಬಾಗುತ್ತದೆ, ಜನಕ್ಕೆ ಆಶ್ಚರ್ಯ ಆಗುವುದು ಇದಕ್ಕೇ. "ಒಣ ಮರ ಅಂತ ದುಡ್ಡು ಕೊಟ್ಟು ತಂದೆ, ಸೀಳಿದ ಕೂಡಲೇ ಬೆಂಡಾಯಿತು" ಎಂದು. ಒಳಗೆ ಬಿಗಿತ ಉಳಿದಿರುತ್ತದೆ, ಅಥವಾ ಒಳಭಾಗ ಹೊರಗಿನಷ್ಟು ಒಣಗಿರುವುದಿಲ್ಲ. ದಪ್ಪ ಹಲಗೆಯನ್ನು ಎರಡು ಪದರ ಸೀಳಿದಾಗ ಎರಡೂ ಪದರ ಕೊಯ್ದ ಬದಿಗೆ ಗುಳಿಯಾಗಿ ಒಂದನ್ನೊಂದು ನೋಡುತ್ತಿದ್ದರೆ ಬಿಸಿಗೂಡಿನಲ್ಲಿ ಅವಸರದಿಂದ ಒಣಗಿಸಿದ ಮರ ಎಂದು ಅನುಮಾನ ಪಡಬಹುದು. ಇದನ್ನು ಕೊಳ್ಳುವ ಮೊದಲೇ ನೋಡಬಹುದು: ಹಲಗೆಯ ನಡುವಿನಿಂದ ಒಂದು ಇಂಚಿನ ಅಡ್ಡ ಪಟ್ಟಿ ಕತ್ತರಿಸಿ, ಅದರ ಹೊಟ್ಟೆ ತೆಗೆದು ಕವಣೆಯ ಕವಲಿನ ಹಾಗೆ ಎರಡು ಕಾಲು ಮಾಡಿ. ಕಾಲುಗಳು ತಕ್ಷಣ ಒಳಗೆ ಬಾಗಿದರೆ ಆ ಮರ ಬೇಡ.

ಪರಿಹಾರ ಇಷ್ಟೇ. ಮೊದಲ ಕಂತಿನಲ್ಲಿ ಬೇಕಾದ್ದಕ್ಕಿಂತ ಅಗಲದಲ್ಲಿ ಅರ್ಧ ಇಂಚು, ದಪ್ಪದಲ್ಲಿ ಕಾಲು ಇಂಚು, ಉದ್ದದಲ್ಲಿ ಎರಡು ಇಂಚು ಜಾಸ್ತಿ ಇಟ್ಟು ಕೊಯ್ಯಿರಿ. ತುಂಡುಗಳನ್ನು ರೀಪು ಇಟ್ಟು ಅಟ್ಟಿ ಹಾಕಿ, ಕೆಲಸ ಕೊನೆಗೆ ಎಲ್ಲಿ ಇರುತ್ತದೋ ಅದೇ ಕೋಣೆಯಲ್ಲಿ, ಕನಿಷ್ಠ ಎರಡು ವಾರ. ಎಸಿ ಕೋಣೆ ಆದರೆ ಒಂದು ತಿಂಗಳು. ಬಾಗುವುದನ್ನೆಲ್ಲ ಬಾಗಿ ಮುಗಿಸಲಿ. ಆಮೇಲೆ ಎರಡನೇ ಕಂತಿನಲ್ಲಿ ನಿಜ ಅಳತೆಗೆ ತನ್ನಿ. ಮಾಡಿದ ದಿನ ಅಥವಾ ಮರುದಿನ ಜೋಡಿಸಿಬಿಡಿ, ಮತ್ತೆ ಹದಿನೈದು ದಿನ ಬಿಟ್ಟರೆ ಮತ್ತೆ ಶುರು.

ಪ್ಲೇನ್ ಮಾಡುವಾಗ ಎರಡೂ ಬದಿಯಿಂದ ಸಮ ಸಮ ತೆಗೆಯಬೇಕು. ಒಂದೇ ಬದಿಯಿಂದ ಕಾಲು ಇಂಚು ತೆಗೆದರೆ ಒಳಗಿನ ಹಸಿ ಭಾಗ ಒಂದು ಕಡೆ ಮಾತ್ರ ಹೊರಗೆ ಬಂದು ಆ ಬದಿಗೆ ಬಾಗುತ್ತದೆ. ಮುಖ ಚಪ್ಪಟೆ ಮಾಡುವ ಮೆಶಿನ್ನಿನಲ್ಲಿ ಗುಳಿಯ ಬದಿ ಕೆಳಗೆ ಇಟ್ಟು ಶುರು ಮಾಡಿ, ಎರಡು ಅಂಚಿನ ಮೇಲೆ ಅಲುಗದೆ ಕೂರುತ್ತದೆ. ಕೈಯಿಂದ ಒತ್ತಿ ಚಪ್ಪಟೆ ಮಾಡಿ ದೂಡಬೇಡಿ. ದಪ್ಪ ಸಮ ಮಾಡುವ ಪ್ಲೇನರಿನ ರೋಲರ್ ಕೂಡ ಹಾಗೇ ಒತ್ತುತ್ತದೆ, ಬಾಗಿದ ಹಲಗೆ ಹೊರಗೆ ಬಂದ ಮೇಲೆ ಮತ್ತೆ ಬಾಗಿಯೇ ಇರುತ್ತದೆ, ಸ್ವಲ್ಪ ತೆಳ್ಳಗಾಗಿ. ಅದಕ್ಕೆ ಒಂದು ಸಮತಟ್ಟಾದ ಪ್ಲೈ ತುಂಡಿನ ಮೇಲೆ ಹಲಗೆ ಇಟ್ಟು, ಅಲುಗುವ ಮೂಲೆಗಳ ಕೆಳಗೆ ರಟ್ಟೋ ಚಕ್ಕೆಯೋ ತುರುಕಿ, ಪ್ಲೈ ಸಮೇತ ಒಳಗೆ ಬಿಡಿ. ಮೇಲಿನ ಮುಖ ಒಮ್ಮೆ ಸರಿಯಾದರೆ ತಿರುಗಿಸಿ ಹಾಕಿದರಾಯಿತು. ಮೆಶಿನ್ ಇಲ್ಲದಿದ್ದರೆ ಹತ್ತರಿಯಲ್ಲಿ ಎತ್ತರದ ಎರಡು ಮೂಲೆಗಳನ್ನು ಕರ್ಣದ ದಿಕ್ಕಿಗೆ ಕೀಸುತ್ತಾ ಬನ್ನಿ, ಆಗಾಗ ಆ ಎರಡು ಟ್ಯೂಬು ಇಟ್ಟು ನೋಡಿ.

ಜೋಡಿಸುವಾಗ

ಅಗಲದ ಮೇಜಿಗೆ ಒಂದೇ ಅಗಲ ಹಲಗೆ ಬೇಕೆಂಬ ಹಠ ಬಿಡಿ. ಮೂರು-ನಾಲ್ಕು ಇಂಚಿನ ಪಟ್ಟಿಗಳನ್ನು ಅಂಟಿಸಿದ ಮೇಲ್ಪಲಗೆ ಹೆಚ್ಚು ನಂಬಿಕಸ್ಥ. ಉಂಗುರ ಒಂದು ಮೇಲೆ ಒಂದು ಕೆಳಗೆ ಮಾಡಿ ಜೋಡಿಸಬೇಕೆಂದು ಹಲವರು ಹೇಳುತ್ತಾರೆ. ಕೆಳಗೆ ಗಟ್ಟಿ ಫ್ರೇಮ್ ಇದ್ದರೆ ನನಗೆ ಅದರ ಅಗತ್ಯ ಕಂಡಿಲ್ಲ, ನಾನು ಗೆರೆ ಚಂದ ಕಾಣುವ ಬದಿ ಮೇಲೆ ಇಡುತ್ತೇನೆ.

ಮೇಲ್ಪಲಗೆಯನ್ನು ಫ್ರೇಮಿಗೆ ಅಂಟು ಹಾಕಿ ಕೂರಿಸಬೇಡಿ. ಎರಡಡಿ ಅಗಲದ ಸಾಗುವಾನಿ ಪಲಗೆ ಮಳೆಗಾಲದ 18 ಶೇಕಡದಿಂದ ಒಣ ಕೋಣೆಯ 11ಕ್ಕೆ ಇಳಿದರೆ ಸುಮಾರು 8 ಎಂಎಂ ಕುಗ್ಗುತ್ತದೆ. ಅಷ್ಟು ಜಾಗ ಕೊಡದಿದ್ದರೆ ಸೀಳುತ್ತದೆ ಅಥವಾ ಫ್ರೇಮನ್ನೇ ಎಳೆಯುತ್ತದೆ. ಸ್ಕ್ರೂ ತೂತುಗಳನ್ನು ಅಗಲದ ದಿಕ್ಕಿಗೆ ಉದ್ದ ಮಾಡಿ, ವಾಶರ್ ಹಾಕಿ ಬಿಗಿಯಿರಿ. ದಾರಂದದ ಬಾಗಿಲನ್ನು ಏಪ್ರಿಲಿನಲ್ಲಿ ಕೂರಿಸುವುದಾದರೆ ಮೂರು ಎಂಎಂ ಸಂದು ಬಿಡಿ, ಜುಲೈಯಲ್ಲಿ ನನ್ನನ್ನು ನೆನಪು ಮಾಡಿಕೊಳ್ಳುತ್ತೀರಿ.

ಪಾಲಿಶ್ ಆರೂ ಮುಖಕ್ಕೆ. ಕಾಣದ ಕೆಳಬದಿಯನ್ನು ಯಾರೂ ಮುಟ್ಟುವುದಿಲ್ಲ, ಮೇಲೆ ಮೂರು ಕೋಟ್, ಕೆಳಗೆ ಸೊನ್ನೆ. ಕೆಳಗಿನಿಂದ ತೇವ ಹತ್ತಿ ಮೇಜು ಬಾಗುತ್ತದೆ. ವಾರ್ಡ್‌ರೋಬಿನ ಪ್ಲೈ ಬಾಗಿಲು ಬೆಂಡಾಗುವುದೂ ಇದೇ ಲೆಕ್ಕಕ್ಕೆ: ಹೊರಗೆ ಲ್ಯಾಮಿನೇಟ್ ಅಂಟಿಸಿ ಒಳಗೆ ಬರಿ ಬಿಟ್ಟರೆ ಅದು ಬಾಗಿಯೇ ಬಾಗುತ್ತದೆ, ಒಳಬದಿಗೂ ಅಗ್ಗದ್ದಾದರೂ ಒಂದು ಹಾಳೆ ಅಂಟಿಸಿ.

ಕೈ ಬಿಡಬೇಕಾದ ಹಲಗೆ

ನಟ್ಟನಡುವಿನ ಭಾಗ ಸೇರಿದ್ದು, ಗಂಟಿನ ಸುತ್ತ ತಿರುಚಿದ್ದು, ತೂಕ ನಿಂತು ಮೂರು ತಿಂಗಳಾದರೂ ಪೆನ್ಸಿಲ್ ಅಳತೆ ಬದಲಾಗುತ್ತಲೇ ಇರುವುದು, ಇವುಗಳಿಂದ ಬಾಗಿಲು, ಮೇಜು ಮಾಡಲು ಹೋಗಬೇಡಿ. ಹಂಚಿನ ಮಾಡಿಗೆ ರೀಪು ಮಾಡುವುದೂ ಬೇಡ, ರೀಪು ಎದ್ದರೆ ಹಂಚು ಎದ್ದು ಮಳೆ ಒಳಗೆ ಬರುತ್ತದೆ. ಒಂದೂವರೆ ಅಡಿಗಿಂತ ಚಿಕ್ಕ ಕೆಲಸಕ್ಕೆ ಧಾರಾಳ ನಡೆಯುತ್ತದೆ: ಕೂರುವ ಮಣೆ, ಮೆಟ್ಟುಕತ್ತಿಯ ಮಣೆ, ಸ್ಟೂಲಿನ ಕಾಲು.

ನನ್ನ ಹಲಗೆಯ ಮೂರು ಸೀಳಿನಲ್ಲಿ ಎರಡು ಸೇರಿ ಜಗಲಿಯ ನಾಲ್ಕಡಿ ಬೆಂಚಾಯಿತು, ದಪ್ಪ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚೇ ಉಳಿಯಿತು. ಮೂರನೆಯದು ಗಂಟಿನ ಹತ್ತಿರ ತಿರುಚಿದ್ದರಿಂದ ನಾಲ್ಕು ಮಣೆಯಾಯಿತು, ಅದರಲ್ಲಿ ಒಂದನ್ನು ಆಚಾರ್ರು ಕೇಳಿ ತೆಗೆದುಕೊಂಡು ಹೋದರು. ಮುಟ್ಟಾಳೆಯ ಮಾತು ಮಾತ್ರ ಇನ್ನೂ ಬಿಟ್ಟಿಲ್ಲ.